ಬೆಳಕಿನ ನೀರುಗಂಟಿಗಳು

ಭಾನುವಾರದ ಪ್ರಾತಃಕಾಲ, ಹುಲ್ಲಿನ ಮೇಲಣ ಇಬ್ಬನಿ ಇನ್ನೂ ಆರದಿರುವಾಗಲೇ, ಲಾಲ್‌ಬಾಗಿನ ಬಂಡೆಯ ಮೇಲೆ, ಎಂದರೆ 300 ಕೋಟಿ ವರ್ಷಗಳಷ್ಟು ಹಿಂದಿನದೆಂದು ಭೂವಿಜ್ಞಾನಿಗಳು ಲೆಕ್ಕಹಾಕಿರುವ ಮತ್ತು ಕೆಂಪೇಗೌಡರ ಗೋಪುರವನ್ನು ನೆತ್ತಿಯ ಮೇಲೆ ಧರಿಸಿ ನಿಂತಿರುವ ಆ ಪುರಾತನ ಶಿಲೆಯ ಮೇಲೆ, ಐದಾರು ಮಂದಿ ಹವ್ಯಾಸಿ ಛಾಯಾಗ್ರಾಹಕರು ಬಂದು ಕೂಡುವ ಪದ್ಧತಿಯೊಂದುಂಟು. ಬ್ಯಾಂಕಿನಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಹಲ್ಲಿನ ವೈದ್ಯರೊಬ್ಬರು, ಬಸವನಗುಡಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಗೃಹಸ್ಥರು, ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಇಬ್ಬರು ತರುಣಿಯರು, ಇವರೆಲ್ಲರ ನಡುವೆ, ಭಾರವಾದ ಕ್ಯಾಮೆರಾವನ್ನು ಹೊರುವ ಶಕ್ತಿ ಕುಂದಿ ಈಗ ನೋಡುವುದನ್ನಷ್ಟೇ ಉಳಿಸಿಕೊಂಡಿರುವ ನಾನು. ಇಷ್ಟೇ ನಮ್ಮ ಸಭೆ. ಅಧ್ಯಕ್ಷರಿಲ್ಲ, ವಂದನಾರ್ಪಣೆಯಿಲ್ಲ, ಚಂದಾ ಹಣವಿಲ್ಲ. ವಾರದಲ್ಲಿ ತೆಗೆದದ್ದನ್ನು ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯ ಮೇಲೆ, ಬಿಸಿಲು ಬೀಳದಂತೆ ಅಂಗೈ ಅಡ್ಡ ಹಿಡಿದು, ಒಬ್ಬರು ಮತ್ತೊಬ್ಬರಿಗೆ ತೋರಿಸುತ್ತಾರೆ, ನೋಡಿದವರು ಒಂದು ಕ್ಷಣ ಸುಮ್ಮನಿದ್ದು, ಚೆನ್ನಾಗಿದೆಯೆಂದೋ ತಲೆ ಕತ್ತರಿಸಿಹೋಗಿದೆಯೆಂದೋ ಹೇಳಿ, ಅದರ ಬೆನ್ನಿಗೇ, ಊರಿಂದ ಬಂದವರನ್ನು ಮಳೆ ಬೆಳೆ ವಿಚಾರಿಸುವಷ್ಟು ಸಹಜವಾಗಿ ಕೇಳುವ ಪ್ರಶ್ನೆ ಒಂದೇ: "ಸೆಟಿಂಗ್ ಏನು?"

ಕಳೆದ ವಾರ ಆ ತರುಣಿಯರಲ್ಲಿ ಕಿರಿಯಳು, ಮರದ ಪೊಟರೆಯಿಂದ ಅರ್ಧ ಮುಖವನ್ನು ಹೊರಗಿಟ್ಟು ಜಗತ್ತನ್ನು ಸಂದೇಹದಿಂದ ನೋಡುತ್ತಿದ್ದ ಹಾಲಕ್ಕಿಯೊಂದನ್ನು, ಎಂದರೆ ಮೈಯೆಲ್ಲ ಬಿಳಿ ಚುಕ್ಕೆಯ ಆ ಪುಟ್ಟ ಗೂಬೆಯನ್ನು, ತೋರಿಸಿದಳು. ಪ್ರಶ್ನೆ ಬಂದಿತು. "400 ಎಂಎಂ ಸಾರ್, ಎಫ್ 5.6, ಒನ್ ಬೈ 250, ಐಎಸ್‌ಒ 1600," ಎಂದು, ಮಗ್ಗಿ ಒಪ್ಪಿಸುವ ಹುಡುಗಿಯ ಸ್ವರದಲ್ಲಿ ಉತ್ತರ ಹೊರಬಿತ್ತು. ಔಷಧದ ಅಂಗಡಿಯವರು ತಲೆದೂಗಿದರು. ಪಕ್ಕದಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದ ಅಪರಿಚಿತ ದಂಪತಿಗಳು ಈ ಸಂಭಾಷಣೆಯನ್ನು ಕೇಳಿ ಪರಸ್ಪರ ಮುಖ ನೋಡಿಕೊಂಡರು. ಅವರ ವಿಸ್ಮಯ ನ್ಯಾಯವಾದದ್ದೇ. ಕಾವ್ಯವಾಚನ ಕೇಳಿ ಎದ್ದವರು ಕವಿಯ ಲೇಖನಿಯ ಮೊನೆ ಎಷ್ಟು ದಪ್ಪವೆಂದು ವಿಚಾರಿಸುವುದಿಲ್ಲ. ಸಂಗೀತ ಕಛೇರಿಯಿಂದ ಮರಳುವವರು ತಂಬೂರಿಯ ತಂತಿಯನ್ನು ಯಾವ ಅಂಗಡಿಯಲ್ಲಿ ಕೊಂಡರೆಂದು ತಿಳಿಯಬಯಸುವುದಿಲ್ಲ. ಹೋಳಿಗೆ ತಿಂದವರು ಮಾತ್ರ ಕಣಕದ ಹದವನ್ನು ಕೇಳುತ್ತಾರೆ. ನಮ್ಮ ಪ್ರಶ್ನೆ ಆ ವಂಶದ್ದು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳತಕ್ಕಂಥದು.

ಈ ಅಂಕಿಗಳ ಮರ್ಮವನ್ನು ಅರಿಯದವರಿಗೆ ನಾನು ಹೇಳುವ ದೃಷ್ಟಾಂತವೊಂದಿದೆ. ನಮ್ಮ ಊರಿನಲ್ಲಿ ಕೆರೆಯಿತ್ತು, ಕೆರೆಗೆ ತೂಬಿತ್ತು, ತೂಬಿಗೆ ಒಬ್ಬ ನೀರುಗಂಟಿಯಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬನ್ನು ಎಷ್ಟು ಎತ್ತಬೇಕು ಎಂಬ ನಿರ್ಣಯ ಅವನದು. ಲೆನ್ಸಿನೊಳಗಿನ ಅಪರ್ಚರ್ ಆ ತೂಬು. ಶಟರ್ ತೆರೆದಿರುವ ಹೊತ್ತು ನೀರು ಹರಿಯುವ ಹೊತ್ತು. ತೂಬನ್ನು ಪೂರ್ತಿ ಎತ್ತಿ ಗಳಿಗೆ ಹೊತ್ತು ಬಿಟ್ಟರೂ, ಕೊಂಚವೇ ಎತ್ತಿ ಜಾವದ ತನಕ ಬಿಟ್ಟರೂ ಗದ್ದೆಗೆ ಸೇರುವ ನೀರು ಒಂದೇ. ಇನ್ನು ಮೂರನೆಯದಾದ ಐಎಸ್‌ಒ, ನಮ್ಮ ಕಾಲದಲ್ಲಿ ಎಎಸ್‌ಎ ಎಂದು ಕರೆಯುತ್ತಿದ್ದದ್ದು, ಬೆಳೆಯ ಬಾಯಾರಿಕೆಗೆ ಸಮಾನವಾದದ್ದು: 100 ಎಂದರೆ ಭತ್ತ, ಧಾರಾಳವಾಗಿ ಕುಡಿಯುತ್ತದೆ, 3200 ಎಂದರೆ ರಾಗಿ, ನಾಲ್ಕು ಹನಿಗೆ ತೃಪ್ತಿಪಡುತ್ತದೆ. ಮತ್ತು ಈ ಉಪಮೆಯ ಸೊಗಸನ್ನು ನೋಡಿ, ಐಎಸ್‌ಒ ಏರಿಸಿದ ಚಿತ್ರವನ್ನು ದೊಡ್ಡದು ಮಾಡಿದರೆ ನೆರಳಿನ ಭಾಗಗಳಲ್ಲಿ ರಾಗಿ ಚೆಲ್ಲಿದಂತೆಯೇ ಕಾಳು ಕಾಳಾಗಿ ಕಾಣಿಸುತ್ತದೆ. ಕಲಿಯುವವರನ್ನು ಮೊದಲು ಕಂಗೆಡಿಸುವುದು ಅಪರ್ಚರಿನ ಅಂಕಿ. ಅಂಕಿ ಹಿಗ್ಗಿದಷ್ಟೂ ರಂಧ್ರ ಕುಗ್ಗುತ್ತದೆ. ಅದು ಭಾಗಾಕಾರದ ಫಲವೆಂಬುದನ್ನು ತಿಳಿದರೆ ಗೊಂದಲ ತೀರಿತು: 50 ಮಿಲಿಮೀಟರ್ ಲೆನ್ಸಿನ ರಂಧ್ರ 25 ಮಿಲಿಮೀಟರ್ ಇದ್ದರೆ 2, ಹನ್ನೆರಡೂವರೆ ಇದ್ದರೆ 4. ರಂಧ್ರದ ವಿಸ್ತೀರ್ಣ ಅರ್ಧಕ್ಕೆ ಇಳಿಯುವ ಮೆಟ್ಟಿಲುಗಳೇ 2, 2.8, 4, 5.6, 8, 11, 16 ಎಂಬ ಆ ವಿಚಿತ್ರ ಶ್ರೇಣಿ. ಹವ್ಯಾಸಿಗಳು ಒಂದೊಂದು ಮೆಟ್ಟಿಲನ್ನೂ ಸ್ಟಾಪ್ ಎನ್ನುತ್ತಾರೆ.

ಆದರೆ ನೀರುಗಂಟಿ ಬಿಟ್ಟ ನೀರಿನ ಅಳತೆ ಗದ್ದೆಯ ಬೆಳೆಯನ್ನು ಹೇಳಿತೇ? ದಂತವೈದ್ಯರು ಒಮ್ಮೆ ರಂಗನತಿಟ್ಟಿನಿಂದ ಮರಳಿ ಬಂದು, ನದಿಯ ನಡುಗಡ್ಡೆಯ ಕಪ್ಪು ಪೊದೆಯ ಮುಂದೆ ನಿಂತ ಚಮಚದ ಕೊಕ್ಕಿನ ಹಕ್ಕಿಯ ಚಿತ್ರವನ್ನು ಖಿನ್ನರಾಗಿ ತೋರಿಸಿದರು. ಹಕ್ಕಿ ಇದ್ದ ಜಾಗದಲ್ಲಿ ಹಕ್ಕಿಯ ಆಕಾರದ ಸುಣ್ಣದ ಕಲೆಯಿತ್ತು. ಒಂದು ಗರಿಯ ಗೆರೆಯೂ ಇರಲಿಲ್ಲ. ಅವರು ಅಪರಾಧ ಮಾಡಿರಲಿಲ್ಲ. ಹಿಂದಿನ ವರ್ಷ ಮಿತ್ರರೊಬ್ಬರು ಅದೇ ದೋಣಿಯಿಂದ ಅದೇ ಹಕ್ಕಿಯನ್ನು ಹಿಡಿದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಮೊದಲು ಅವನ್ನೇ ಇಟ್ಟು, ಚಿತ್ರ ತೀರ ಕಪ್ಪಾದ ಬಳಿಕ ಬೇಸತ್ತು ಕ್ಯಾಮೆರಾದ ಮಾಪಕಕ್ಕೇ ಭಾರ ಹಾಕಿದ್ದರು, ಅಷ್ಟೆ. ಮಾಪಕವೆಂಬ ಆ ಪ್ರಾಮಾಣಿಕ ದಡ್ಡನಿಗೆ ಕೊಕ್ಕರೆಯೂ ಗೊತ್ತಿಲ್ಲ, ಪೊದೆಯೂ ಗೊತ್ತಿಲ್ಲ. ತನ್ನೆದುರು ಇರುವುದೆಲ್ಲವೂ ಸರಾಸರಿ ಬೂದುಬಣ್ಣದ್ದೇ ಎಂಬ ಏಕೈಕ ಸಿದ್ಧಾಂತದ ಮೇಲೆ ಅವನ ಬದುಕು. ಕಪ್ಪು ಪೊದೆಯನ್ನು ಬೂದಾಗಿಸಲು ಅವನು ತೂಬನ್ನು ಎತ್ತಿದ. ಬಿಳಿಯ ಹಕ್ಕಿ ಮುಳುಗಿಹೋಯಿತು. ಒಂದೂವರೆ ಸ್ಟಾಪ್ ಇಳಿಸಬೇಕಾಗಿತ್ತೆಂದು ಗುಮಾಸ್ತರು ಹೇಳಿದರು, ಮತ್ತು ಹಾಗೆ ಹೇಳುವುದಕ್ಕೆ ಅವರಿಗೆ ಅಧಿಕಾರವಿತ್ತು, ಏಕೆಂದರೆ ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳ ಮೇಲೆ ಅವರೂ ಒಂದಾನೊಂದು ಕಾಲದಲ್ಲಿ ಹೀಗೆಯೇ ಹತ್ತಾರು ಹಕ್ಕಿಗಳಿಗೆ ಸುಣ್ಣ ಬಳಿದು ಬಂದಿದ್ದರು. ಆ ದಿನ ನಾವು ಕಲಿತದ್ದು ಆ ಕೆಟ್ಟ ಚಿತ್ರದಿಂದ. ಒಳ್ಳೆಯ ಚಿತ್ರಗಳು ನಮ್ಮನ್ನು ಸಂತೋಷಪಡಿಸಿ ಸುಮ್ಮನಾಗುತ್ತವೆ. ನಮ್ಮ ಬಂಡೆಯ ಮೇಲೆ ಕೆಟ್ಟ ಚಿತ್ರಗಳನ್ನು ತರುವವರು ಕಡಿಮೆಯಾಗುತ್ತಿದ್ದಾರೆಂಬುದು ನನ್ನ ದೂರು.

ಅಂಕಿಯೊಂದು ಅಳತೆಯಾಗಿರುವುದನ್ನು ಬಿಟ್ಟು ಅಭಿಪ್ರಾಯವಾಗುವ ಸಂದರ್ಭಗಳೂ ಉಂಟು. ದಕ್ಷಿಣ ಕನ್ನಡದ ಕಂಬಳದ ಗದ್ದೆಯಲ್ಲಿ ಕೋಣಗಳು ಕೆಸರನ್ನು ಸೀಳಿಕೊಂಡು ಬರುವಾಗ, ಶಟರನ್ನು ಒಂದು ಸೆಕೆಂಡಿನ 2000ದಲ್ಲಿ ಒಂದು ಪಾಲಿಗೆ ಇಟ್ಟರೆ ಪ್ರತಿಯೊಂದು ನೀರಹನಿಯೂ ಗಾಜಿನ ಮಣಿಯಂತೆ ಆಕಾಶದಲ್ಲಿ ನಿಂತುಬಿಡುತ್ತದೆ. 60ರಲ್ಲಿ ಒಂದು ಪಾಲಿಗಿಟ್ಟು ಓಡುವ ಕೋಣಗಳ ಜೊತೆಜೊತೆಯಲ್ಲೇ ಕ್ಯಾಮೆರಾವನ್ನೂ ತಿರುಗಿಸಿದರೆ, ಕೋಣಗಳ ಮುಖ ಮಾತ್ರ ಸ್ಪಷ್ಟವಾಗಿ, ದಡದ ಜನಸಮೂಹವೆಲ್ಲ ಎಳೆದ ರೇಷ್ಮೆಯ ನೂಲಿನಂತಾಗುತ್ತದೆ. ಬೆಳಕು ಎರಡಕ್ಕೂ ಒಂದೇ. ಕಂಬಳವೆಂದರೆ ಬಲವೋ ವೇಗವೋ ಎಂಬ ವಿಚಾರದಲ್ಲಿ ಮಾತ್ರ ಭಿನ್ನಮತ. ಯಕ್ಷಗಾನದ ರಂಗಸ್ಥಳದಲ್ಲಿ ಬಣ್ಣದ ವೇಷ ಸುತ್ತು ತಿರುಗುವಾಗಲೂ ಹೀಗೆಯೇ. ಗೆಜ್ಜೆ ಕಾಣಬೇಕೆನ್ನುವವರು 500 ಎನ್ನುತ್ತಾರೆ, ಗೆಜ್ಜೆಯ ಸದ್ದು ಕಾಣಬೇಕೆನ್ನುವವರು 30 ಎನ್ನುತ್ತಾರೆ. ನಾನು ಎರಡನೆಯ ಪಕ್ಷದವನು, ಆದ್ದರಿಂದಲೇ ನನ್ನ ಹತ್ತು ಚಿತ್ರಗಳಲ್ಲಿ ಎಂಟು ಹಾಳು.

ಬೆಂಗಳೂರಿನಲ್ಲಿ ಅಂಕಿಗಳ ಈ ವಿನಿಮಯದ ವ್ಯಸನ ಇಂದಿನದಲ್ಲ. ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು 1953ರಲ್ಲಿ ಕಟ್ಟಿದ ಡಾ. ಜಿ. ಥಾಮಸ್ ಅವರಿದ್ದ ಊರಿದು; ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರು ಕಾಡಿನ ಚಿತ್ರಗಳನ್ನು ತಂದು ತೋರಿಸಿ, ತಮಗಿಂತ ಕಿರಿಯರನ್ನು ಕಾಡಿಗೆ ಅಟ್ಟಿದ ಊರು. 1971ರಿಂದೀಚೆಗೆ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೆಂಬ ಸಂಘವೂ ನಡೆದುಬಂದಿದೆ. ನನ್ನ ದೀಕ್ಷೆ ಮಾತ್ರ ಇಷ್ಟು ಉನ್ನತವಾದದ್ದಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಎಂಬ ಪೆಟ್ಟಿಗೆಯೊಂದು ನಮ್ಮ ತಂದೆಯವರ ಬಳಿಯಿತ್ತು. ಸುರುಳಿಗೆ 12 ಚಿತ್ರ. ಸೆಟಿಂಗ್ ಎಂದರೆ ಸೂರ್ಯನ ಗುರುತು ಒಂದು, ಮೋಡದ ಗುರುತು ಒಂದು. ಇವೆರಡರ ನಡುವೆ ಯಾವುದನ್ನು ಆರಿಸುವುದೆಂದು ಅವರು ಅಂಗಳದಲ್ಲಿ ನಿಂತು ಆಕಾಶವನ್ನು ನೋಡುತ್ತಿದ್ದ ಗಾಂಭೀರ್ಯ, ಮದುವೆಯ ಲಗ್ನ ಇಡುವ ಜೋಯಿಸರಿಗೂ ಇರಲಿಲ್ಲ. ಮುಂದೆ ನನ್ನ ಸ್ವಂತ ಸಂಪಾದನೆಯ ಕ್ಯಾಮೆರಾ ಬಂದಾಗ, ಉದಕಮಂಡಲದ ಕಾರ್ಖಾನೆಯಿಂದ ಬರುತ್ತಿದ್ದ 'ಇಂದು' ಕಪ್ಪುಬಿಳುಪು ಸುರುಳಿಯ ಜೊತೆಗೆ ಬಿಸಿಲಿನ ಸೂತ್ರವನ್ನೂ ಕಲಿತೆ: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16, ಶಟರ್ ಸುರುಳಿಯ ವೇಗದಷ್ಟೇ, 100ರ ಸುರುಳಿಗೆ 125ರಲ್ಲಿ ಒಂದು ಪಾಲು. ತೆಳುಮೋಡಕ್ಕೆ 11, ದಟ್ಟಮೋಡಕ್ಕೆ 8, ನೆರಳಿಗೆ 5.6 ಅಥವಾ 4. ಮಾಪಕವಿಲ್ಲದವನ ಪಂಚಾಂಗವಿದು, ಇಂದಿಗೂ ಸುಳ್ಳಾಗಿಲ್ಲ.

ತೆಗೆದದ್ದು ಹೇಗೆ ಬಂದಿತೆಂದು ತಿಳಿಯಲು ವಾರಗಟ್ಟಲೆ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಪ್ರತಿಯೊಂದು ಚಿತ್ರಕ್ಕೂ ಯಾವ ಅಂಕಿಗಳನ್ನಿಟ್ಟೆನೆಂಬುದನ್ನು ಬರೆದಿಟ್ಟುಕೊಳ್ಳದೆ ಗತ್ಯಂತರವಿರಲಿಲ್ಲ. ಅಂಗಿಯ ಜೇಬಿನಲ್ಲಿ ಗೇಣುದ್ದದ ಟಿಪ್ಪಣಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ಲು. ಬರೆಯುವ ಕೈ ಯೋಚಿಸುತ್ತದೆ. 8 ಎಂದು ಬರೆಯುವಾಗ 5.6 ಯಾಕಲ್ಲ ಎಂಬ ಚರ್ಚೆ ಮನಸ್ಸಿನೊಳಗೆ ನಡೆದೇ ತೀರುತ್ತಿತ್ತು. 1995ರಲ್ಲಿ ಜಪಾನೀಯರು ಎಕ್ಸಿಫ್ ಎಂಬ ಕ್ರಮವೊಂದನ್ನು ರೂಪಿಸಿದರು. ಅಂದಿನಿಂದ ಕ್ಯಾಮೆರಾವೇ ಈ ಶ್ಯಾನುಭೋಗಿಕೆಯನ್ನು ವಹಿಸಿಕೊಂಡು, ಚಿತ್ರದ ಕಡತದೊಳಗೇ ಅಂಕಿಗಳನ್ನೆಲ್ಲ ತಾನಾಗಿ ಬರೆದಿಡುತ್ತದೆ. ಲೆಕ್ಕವೇನೋ ಚೊಕ್ಕವಾಯಿತು. ಆದರೆ ಆ ಹಾಲಕ್ಕಿಯ ಹುಡುಗಿಯನ್ನು, "ಅಲ್ಲಮ್ಮ, 250 ಯಾಕೆ, 500 ಯಾಕಲ್ಲ?" ಎಂದು ನಾನು ಕೇಳಿದಾಗ ಅವಳು ನಕ್ಕು, "ಗೊತ್ತಿಲ್ಲ ಸಾರ್, ಕ್ಯಾಮೆರಾ ಇಟ್ಟಿದ್ದು," ಎಂದಳು. ಪ್ರಾಮಾಣಿಕಳು. ಎಷ್ಟೋ ಜನ ಕ್ಯಾಮೆರಾ ಇಟ್ಟದ್ದನ್ನು ತಾವು ಇಟ್ಟದ್ದೆಂಬಂತೆ ಹೇಳುತ್ತಾರೆ. ಮೊಬೈಲಿನ ಪಾಡಂತೂ ಇನ್ನೂ ವಿಲಕ್ಷಣವಾದದ್ದು: ಹೆಚ್ಚಿನವುಗಳಲ್ಲಿ ರಂಧ್ರವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಸಾಧ್ಯವೇ ಇಲ್ಲ; ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ಸರಸರನೆ ತೆಗೆದು, ಹೊಲಿಗೆ ಕಾಣದಂತೆ ಒಂದಾಗಿಸಿ ಕೊಡುತ್ತದೆ; ಅದರ ಅಡಿಯಲ್ಲಿ ಕಾಣುವ ಶಟರಿನ ಅಂಕಿ ಆ ಸಂಸಾರಕ್ಕೆಲ್ಲ ಒಬ್ಬನೇ ಯಜಮಾನ ಹಾಕಿದ ರುಜು.

ಅಂಕಿಯ ವಿಚಾರ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ಮಹಾಶಯರ ವೃತ್ತಾಂತ. 1941ರ ಶರತ್ಕಾಲದ ಒಂದು ಸಾಯಂಕಾಲ, ನ್ಯೂ ಮೆಕ್ಸಿಕೋ ಪ್ರಾಂತದ ಹರ್ನಾಂಡೆಜ್ ಎಂಬ ಹಳ್ಳಿಯ ಪಕ್ಕದ ಹೆದ್ದಾರಿಯಲ್ಲಿ ಮೋಟಾರಿನಲ್ಲಿ ಬರುತ್ತಿದ್ದ ಅವರು, ಮಸಣದ ಬಿಳಿಯ ಶಿಲುಬೆಗಳ ಮೇಲೆ ಅಸ್ತಮಿಸುವ ಸೂರ್ಯನ ಕಡೆಯ ಕಿರಣಗಳು ಬಿದ್ದಿರುವುದನ್ನೂ ಹಿಮಗಿರಿಗಳ ಮೇಲೆ ಚಂದ್ರನು ಏರಿರುವುದನ್ನೂ ಏಕಕಾಲದಲ್ಲಿ ಕಂಡು, ವಾಹನವನ್ನು ನಿಲ್ಲಿಸಿ, ತಮ್ಮ ಬೃಹತ್ತಾದ ಕ್ಯಾಮೆರಾವನ್ನು ಜೋಡಿಸಿ ನೋಡುತ್ತಾರೆ, ಬೆಳಕಿನ ಮಾಪಕ ಸಿಗಲೊಲ್ಲದು. ಚಂದ್ರಬಿಂಬದ ಕಾಂತಿ ಚದರಡಿಗೆ 250 ಕ್ಯಾಂಡಲ್ ಎಂಬ ಅಂಕಿ ಆ ತರಾತುರಿಯಲ್ಲಿ ಅವರ ಸ್ಮೃತಿಗೆ ಬಂದಿತು. ಅದರಿಂದ ಮನಸ್ಸಿನಲ್ಲೇ ಲೆಕ್ಕಹಾಕಿ, ಅಪರ್ಚರ್ 32, ಹೊತ್ತು 1 ಸೆಕೆಂಡ್ ಎಂದು ನಿಶ್ಚಯಿಸಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಬೆಳಕು ಆರಿಹೋಗಿತ್ತು. ಆ ಒಂದೇ ಚಿತ್ರ ಜಗತ್ಪ್ರಸಿದ್ಧವಾಯಿತು. ಸ್ವಾರಸ್ಯವಿರುವುದು ಇಲ್ಲಿ: ಸೆಟಿಂಗುಗಳನ್ನು ದಶಕಗಳ ತರುವಾಯವೂ ಚಾಚೂ ತಪ್ಪದೆ ಹೇಳಬಲ್ಲವರಾಗಿದ್ದ ಆ ಪುಣ್ಯಾತ್ಮರು ತಾರೀಖನ್ನು ಬರೆದಿಟ್ಟಿರಲಿಲ್ಲ, ಒಮ್ಮೆ 1940 ಎಂದರು, ಒಮ್ಮೆ 1944 ಎಂದರು. ಕಟ್ಟಕಡೆಗೆ ಖಗೋಳಶಾಸ್ತ್ರಜ್ಞರು ಚಿತ್ರದೊಳಗಿನ ಚಂದ್ರನ ಸ್ಥಾನವನ್ನೇ ಹಿಡಿದು ಗಣಿತ ಮಾಡಬೇಕಾಯಿತು. ಮೊದಲ ಗಣಿತಕ್ಕೆ 1941ರ ಅಕ್ಟೋಬರ್ 31 ಎಂದು ಬಂದಿತು. ತರುವಾಯ ಡೆನಿಸ್ ಡಿ ಚಿಕೋ ಎಂಬವರು ಅದನ್ನು ತಿದ್ದಿ ನವೆಂಬರ್ 1, ಸಾಯಂಕಾಲ 4 ಗಂಟೆ 49 ನಿಮಿಷ ಎಂದು ಸ್ಥಾಪಿಸಿದರು. ತಾವು ಚಂದ್ರನಿಂದ ಪಡೆದ ಅಂಕಿಯನ್ನು ಆ್ಯಡಮ್ಸರು ಮರೆಯಲಿಲ್ಲ. ಇಂದಿನ ಕ್ಯಾಮೆರಾ ತಾನಾಗಿ ಬರೆದುಕೊಳ್ಳುವ ತಾರೀಖಿನ ಅಂಕಿಯನ್ನು ಮರೆತರು. ಅವರ ಮರೆವಿನಲ್ಲಿ ನನಗೆ ಗೌರವವಿದೆ.

ಎಲ್ಲವನ್ನೂ ಹಂಚಿಕೊಳ್ಳಬೇಕೆಂದು ಹೇಳುತ್ತಿರುವೆನೆಂದು ತಿಳಿಯಬಾರದು. ಕ್ಯಾಮೆರಾ ಬರೆದಿಡುವ ಲೆಕ್ಕದಲ್ಲಿ ಈಗೀಗ ಅಕ್ಷಾಂಶ ರೇಖಾಂಶಗಳೂ ಸೇರಿಕೊಂಡಿವೆ. ಗೂಡುಕಟ್ಟಿದ ಹಕ್ಕಿಯ, ಕಾಡುಪಾಪದ, ಅಪರೂಪದ ಹಾವಿನ ಚಿತ್ರದೊಡನೆ ಆ ಠಾವನ್ನೂ ಊರಿಗೆಲ್ಲ ಹೇಳಿದರೆ, ಮರುದಿನ ಆ ಮರದಡಿಯಲ್ಲಿ ಇಪ್ಪತ್ತು ಲೆನ್ಸುಗಳು ನೆರೆಯುತ್ತವೆ. ಬೆದರಿದ ತಾಯಿಹಕ್ಕಿ ಗೂಡಿಗೆ ಮರಳದಿರಬಹುದು. ಕ್ಯಾಮೆರಾವಿಲ್ಲದ ಬೇಟೆಗಾರನೂ ಆ ಜಾಡಿನಲ್ಲಿಯೇ ಬಂದಾನು. ನಾನು ಯುವಕನಾಗಿದ್ದಾಗ ಗೂಡಿನ ಚಿತ್ರವೆಂದರೆ ಸಾಧನೆ, ನಾನೂ ಗೂಡುಗಳ ಮುಂದೆ ಮರೆ ಕಟ್ಟಿ ಕುಳಿತವನೇ. ಈಗ ತಿಳಿದವರು ಅದನ್ನು ಮೆಚ್ಚುವುದಿಲ್ಲ, ಮತ್ತು ಅವರು ಹೇಳುವುದೇ ಸರಿ. ಹಾಲಕ್ಕಿಯ ಪೊಟರೆ ಯಾವ ಮರದಲ್ಲಿದೆಯೆಂದು ಗುಮಾಸ್ತರು ಕೇಳಿದಾಗ ಹುಡುಗಿ, "ಅದು ಹೇಳಲ್ಲ ಸಾರ್," ಎಂದಳು. ಆ ಉತ್ತರ ಕೇಳಿ ನನಗೆ ಅವಳ ಚಿತ್ರವನ್ನು ಕಂಡಾಗಿನದಕ್ಕಿಂತ ಹೆಚ್ಚು ಸಂತೋಷವಾಯಿತು.

"ನಿಮ್ಮದು ಯಾವುದಾದರೂ ತೋರಿಸಿ ಸಾರ್," ಎಂದು ಅವಳು ಕೇಳಿದ್ದರಿಂದ, ಮನೆಗೆ ಬಂದು ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದೆ. 1981ರ ಫೆಬ್ರವರಿಯ ಪುಸ್ತಕ ಕೈಗೆ ಸಿಕ್ಕಿತು. ಗೊಮ್ಮಟನ ಪ್ರತಿಷ್ಠೆಗೆ ಸಾವಿರ ವರ್ಷ ತುಂಬಿದ ಆ ಮಹಾಮಸ್ತಕಾಭಿಷೇಕದ ದಿನ, ಶ್ರವಣಬೆಳಗೊಳದ ದೊಡ್ಡಬೆಟ್ಟದ ಎದುರಿಗಿರುವ ಚಿಕ್ಕಬೆಟ್ಟವನ್ನು ಲಕ್ಷಾಂತರ ಜನರ ಜೊತೆಯಲ್ಲಿ ನಾನೂ ಏರಿ, ಸ್ನೇಹಿತರಿಂದ ಬೇಡಿ ತಂದಿದ್ದ 200 ಎಂಎಂ ಲೆನ್ಸನ್ನು ಬಂಡೆಗೆ ಆನಿಸಿಕೊಂಡು ಕುಳಿತಿದ್ದೆ. ಕ್ಯಾಮೆರಾದಲ್ಲಿ 100ರ ಬಣ್ಣದ ಸುರುಳಿ, 36 ಚಿತ್ರ. ಆ ಕಾಲಕ್ಕೆ ನನ್ನ ಸಂಬಳದಲ್ಲಿ ಅದು ಕಾಣುವಷ್ಟು ದೊಡ್ಡ ತೂತು. ಗೊಮ್ಮಟನು ಉತ್ತರಾಭಿಮುಖ, ಆ ಮಾಸದಲ್ಲಿ ಸೂರ್ಯನು ದಕ್ಷಿಣದ ಕಡೆಗಿದ್ದು ಮೂರ್ತಿಯ ಬೆನ್ನಿಗೆ ಬೆಳಕು, ಮುಖಕ್ಕೆ ನೆರಳು. ಬಿಸಿಲಿನ ಸೂತ್ರ ಅಲ್ಲಿ ನಡೆಯದೆಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿ, ಮೂರು ಸ್ಟಾಪ್ ತೆರೆಯಬೇಕೆಂದು ನಿಶ್ಚಯಿಸಿದ್ದೆ. ಪುಸ್ತಕದಲ್ಲಿ ಹೀಗಿದೆ: ಮುಖ, ಅಭಿಷೇಕಕ್ಕೆ ಮುಂಚೆ, 250, 4. ಎಳನೀರು, 250, 4. ಹಾಲು, 250, 5.6, ಬಿಳುಪು ಉಳಿಯಲೆಂದು ಇಳಿಸಿದೆ. ಅರಿಶಿನ, ಪುನಃ 4. ಚಂದನ, ಹೊಗೆಯಂತೆ ಇಳಿಯುತ್ತಿದೆ, 4.

ಕಡೆಯ ಚಿತ್ರವಾದ ಮೇಲೂ ಸನ್ನೆ ಅಡ್ಡಿಯಿಲ್ಲದೆ ತಿರುಗಿತು. 37, 38. ಆಗಲೇ ಎದೆ ಧಸಕ್ಕೆಂದಿತ್ತು. ಸುರುಳಿಯ ತುದಿ ಒಳಗಿನ ಕಡ್ಡಿಗೆ ಸಿಕ್ಕಿಕೊಂಡಿರಲೇ ಇಲ್ಲ. ಹಿಂದಕ್ಕೆ ಸುತ್ತುವ ಗುಬಟು ತಿರುಗುತ್ತಿದೆಯೇ ಎಂದು ಒಂದೇ ಒಂದು ಸಲ ನೋಡಿದ್ದರೆ ತಿಳಿದುಹೋಗುತ್ತಿತ್ತು. ಆದರೂ ಆಸೆ ಬಿಡದೆ ತೊಳೆಸಿದೆ. ಸ್ಟುಡಿಯೋದವರು ಪಟ್ಟಿಯನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಏನೂ ಬಿದ್ದಿಲ್ಲವಲ್ಲ ಸ್ವಾಮಿ," ಎಂದರು. ಕಾರ್ಖಾನೆಯವರು ಅಂಚಿನಲ್ಲಿ ಮೂಡಿಸಿದ್ದ 1ರಿಂದ 36ರ ವರೆಗಿನ ಅಂಕಿಗಳು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿದ್ದುವು. 2018ರ ಅಭಿಷೇಕಕ್ಕೆ ಡಿಜಿಟಲ್ ಕ್ಯಾಮೆರಾದೊಡನೆ ಹೋಗಿ ಸಾವಿರಕ್ಕೆ ಮೇಲ್ಪಟ್ಟು ಚಿತ್ರ ತೆಗೆದುಕೊಂಡು ಬಂದೆ. ಒಂದೂ ತಪ್ಪಿಲ್ಲ, ಒಂದರ ಸೆಟಿಂಗೂ ನೆನಪಿಲ್ಲ. ಬರುವ ಭಾನುವಾರ ಬಂಡೆಗೆ ಒಯ್ಯಲು ನಾನು ತೆಗೆದಿಟ್ಟಿರುವುದು ಆ ಸಾವಿರ ಚಿತ್ರಗಳನ್ನಲ್ಲ. ಪುಸ್ತಕವನ್ನೂ ಅದರ ನಡುವೆ ಮಡಿಸಿಟ್ಟಿರುವ ಆ ಖಾಲಿ ಪಟ್ಟಿಯನ್ನೂ.

ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನ ಅಭಿಷೇಕ 2030ಕ್ಕೆ ಬರಬೇಕು. ಚಿಕ್ಕಬೆಟ್ಟವನ್ನು ಏರುವ ಉತ್ಸಾಹವುಳ್ಳ ಓದುಗರಾರಾದರೂ ಇದ್ದರೆ ಈ ಅಂಕಿಗಳನ್ನು ಬರೆದುಕೊಳ್ಳಬಹುದು: ಐಎಸ್‌ಒ 100, ಶಟರ್ 250, ಅಪರ್ಚರ್ 4, ಹಾಲು ಸುರಿಯುವಾಗ ಒಂದು ಸ್ಟಾಪ್ ಇಳಿಸಿ. ಇವುಗಳಿಂದ ಚಿತ್ರ ಬರುತ್ತದೆಯೋ ಇಲ್ಲವೋ ಇದುವರೆಗೆ ಯಾರೂ ನೋಡಿಲ್ಲ.